ಕಾಮಕಸ್ತೂರಿ ಹಾಕಿದ ಪಾಸ್ತಾ

ಹಿರೇಗುಂಟನೂರು
ತಾ. 14-11-2024

ಅಂಜಲಿಗೆ, ನಿನ್ನ ಅತ್ತೆ ತಿಪ್ಪಮ್ಮ ಬರೆಯುವ ಕಾಗದ.

ಮೊದಲ ಸಾಲಿನಲ್ಲೇ ಆಶೀರ್ವಾದ ಎಂದು ಬರೆಯಬೇಕು, ಅದು ಗೊತ್ತಿದೆ. ಬರೆಯಲು ಹೋದೆ, ಕೈ ಬರಲಿಲ್ಲ. ಅದಕ್ಕೆ ಬರೀ ಹೆಸರು ಬರೆದಿದ್ದೇನೆ. ನಿಮ್ಮಪ್ಪನ ಮನೆ ಹೊಸದುರ್ಗದ ಕಡೆ ಆಗಲೇ ಚಳಿ ಬಿದ್ದಿದೆಯಂತೆ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಓಡಾಡಬೇಡ, ನಿನಗೆ ಬೇಗ ನೆಗಡಿಯಾಗುತ್ತದೆ. ಇದನ್ನೆಲ್ಲ ಹೇಳುವುದಕ್ಕೆ ನನಗೆ ಬಾಯಿ ಇದೆಯೋ ಇಲ್ಲವೋ.

ಫೋನಿರುವಾಗ ಕಾಗದ ಯಾಕೆ ಎಂದು ಅಂದುಕೊಳ್ಳುತ್ತೀಯ. ಫೋನು ಮಾಡಿದರೆ ನೀನು "ಊಟ ಆಯ್ತಾ ಅತ್ತೆ" ಅನ್ನುತ್ತೀಯ, ನಾನು "ಆತು ಕಣವ್ವ" ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ಪಕ್ಕದಲ್ಲಿ ನಿಮ್ಮ ಮಾವ ಬೀಡಿ ಹಚ್ಚಿಕೊಂಡು ಕಿವಿ ಇಲ್ಲೇ ಇಟ್ಟಿರುತ್ತಾರೆ. ಮಗ ವಿನೋದನ ಕೈಲಿ ಹೇಳಿ ಕಳಿಸೋಣವೆಂದರೆ ಅವನು ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾನೆ. ಗುಡ್ಡದ ಮೇಲಿನ ಗಾಳಿಯಂತ್ರದ ಡ್ಯೂಟಿ ಮುಗಿಸಿ ಬರುತ್ತಾನೆ, ತಟ್ಟೆಗೆ ಹಾಕಿದ್ದು ಉಣ್ಣುತ್ತಾನೆ, ಮಲಗುತ್ತಾನೆ. ನಾನು ಐದನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಕುರಿ ಹಿಂದೆ ಹೋದವಳು. ಒತ್ತು, ದೀರ್ಘ ತಪ್ಪಿದ್ದರೆ ನಗಬೇಡ. ಇಲ್ಲ, ನಗು. ನೀನು ನಕ್ಕೆ ಅಂದುಕೊಂಡರೆ ನನಗೆ ಬರೆಯಲು ಸ್ವಲ್ಪ ಧೈರ್ಯ ಬರುತ್ತದೆ.

ಆ ದಿನದ್ದನ್ನು ಮೊದಲಿಂದ ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ್ದೇನಲ್ಲ. ಬರೆದರೆ ಎಲ್ಲಿ ಕೆಟ್ಟಿತು ಎಂದು ನನಗಾದರೂ ಕಾಣಲಿ ಅಂತ.

ನಿಮ್ಮ ಮಾವನ ಅಕ್ಕ ಓಬಕ್ಕ, ಮಗಳ ಲಗ್ನಪತ್ರಿಕೆ ಕೊಡಲು ಯಲ್ಲದಕೆರೆಯಿಂದ ಜನ ಕಟ್ಟಿಕೊಂಡು ಬಂದಿದ್ದಳು. ಮದುವೆಯಾಗಿ ಬಂದ ಮೇಲೆ ನೀನು ನೆಂಟರಿಗೆಂದು ಮಾಡಿದ ಮೊದಲ ಅಡುಗೆ ಅದು. ಎಲ್ಲರೂ ಮಾಡುವ ಉಪ್ಪಿಟ್ಟು ಬೇಡ, ಪಾಸ್ತಾ ಮಾಡುತ್ತೇನೆ ಅಂದೆ. ಆ ಕೊಳವೆಯಂಥವನ್ನು ಬೇಯಿಸಿ ಬಸಿದು, ಬೆಳ್ಳುಳ್ಳಿ, ಟೊಮೊಟೊ ಹಾಕಿ ಗೊಜ್ಜು ಮಾಡಿ, ಬಾಗಿಲ ಹತ್ತಿರದ ಕಾಮಕಸ್ತೂರಿ ಕಿತ್ತು ತಂದೆ. ಓಬಕ್ಕ ಅದನ್ನು ಪಡಸಾಲೆಯಿಂದಲೇ ನೋಡಿ, "ಏನವ್ವ, ಮುಡಿಯೋ ಸೊಪ್ಪನ್ನೂ ಬಿಡಲ್ವೇನೆ ನೀನು? ನಾಳೆ ಕನಕಾಂಬ್ರದ ಪಲ್ಯ ಮಾಡ್ತೀಯೇನೋ" ಅಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ನಮ್ಮ ಮನೆಯ ಕಟ್ಟು ನಿನಗೆ ಗೊತ್ತು. ಕುಲದೇವರ ಪೆಟ್ಟಿಗೆ ಇಟ್ಟು ಪೂಜಿಸುವ ಮನೆ. ಕುರಿ ಕುಯ್ಯುತ್ತೇವೆ, ತಿನ್ನುತ್ತೇವೆ. ಆದರೆ ಕೋಳಿ, ಮೊಟ್ಟೆ ನಮ್ಮ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ದೇವರಿಗೆ ಎಡೆ ಇಡುವ ಮೀಸಲು ಅಡುಗೆ ಬೇಯಿಸುವವಳು ನಾನು. ನಿಮ್ಮದೂ ನಮ್ಮ ಜನವೇ ಆದರೂ ಪೇಟೆ ಸೇರಿದ ಮೇಲೆ ನಿಮ್ಮಪ್ಪನ ಮನೆಯಲ್ಲಿ ಆ ಕಟ್ಟು ಸಡಿಲವಾಗಿದೆ ಎಂಬ ಮಾತು ಮದುವೆ ದಿನದಿಂದಲೂ ಓಬಕ್ಕನ ಹೊಟ್ಟೆಯಲ್ಲಿತ್ತು.

ತಟ್ಟೆಗಳು ಎಲ್ಲರ ಮುಂದೆ ಬಂದವು. ಓಬಕ್ಕ ಒಂದು ಕೊಳವೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಲೇ ತಿಪ್ಪಮ್ಮ, ಟೀವಿಯಾಗೆ ನೋಡೀನಿ ಕಣೆ ನಾನು. ಇಂಥವನ್ನ ಹಿಟ್ಟಿಗೆ ಮೊಟ್ಟೆ ಒಡ್ದು ಕಲಸ್ತಾರೆ. ಪೆಟ್ಟಿಗೆ ಇರೋ ಮನೆಯಾಗೆ ಏನ್ ತಂದು ಇಕ್ಕೀರೆ?" ಅಂದಳು. ಬಾಯಿಗೆ ಹೋಗುತ್ತಿದ್ದ ಕೈಗಳೆಲ್ಲ ನಿಂತವು. ನೀನು ಅಡುಗೆಮನೆ ಬಾಗಿಲಿಂದ "ಇಲ್ಲ ದೊಡ್ಡತ್ತೆ, ಇದ್ರಲ್ಲಿ" ಅನ್ನುವಷ್ಟರಲ್ಲಿ ನಾನು ಎದ್ದುಬಿಟ್ಟೆ. "ನನಗೊಂದು ಮಾತು ಹೇಳ್ದೆ ಏನೇನೋ ಬೇಯಿಸ್ತೀಯಲ್ಲ, ಇದೇನು ನಿಮ್ಮಪ್ಪನ ಮನೆ ಅನ್ಕಂಡೀಯಾ?" ಅಂದೆ. ಬೋಗುಣಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ನಾಯಿಗಳಿಗೆ ಸುರಿದೆ. ಗಂಜಲ ತಂದು ಒಲೆಗೆ, ಕಟ್ಟೆಗೆ, ನೆಲಕ್ಕೆ ಚಿಮುಕಿಸಿದೆ. ನೀನು ಅಲ್ಲೇ ನಿಂತಿದ್ದೆ. ನಿನ್ನ ಪಾದದ ಮೇಲೂ ಬಿತ್ತು. ಅದು ಕೈತಪ್ಪಿ ಬಿದ್ದದ್ದು ಎಂದು ನಿಮ್ಮ ಮಾವನ ಹತ್ತಿರ ಹೇಳಿದ್ದೇನೆ. ಕೈತಪ್ಪಿ ಬಿದ್ದದ್ದಲ್ಲ ಅಂಜಲಿ.

ಮಾರನೆಯ ದಿನ ನೀನು ಒಂದು ಬ್ಯಾಗು ಹಿಡಿದು "ಅಮ್ಮಂಗೆ ಹುಷಾರಿಲ್ಲಂತೆ, ನೋಡ್ಕಂಡು ಬರ್ತೀನಿ" ಅಂದೆ. ಏನು ಕಾಯಿಲೆ ಎಂದು ನಾನು ಕೇಳಲಿಲ್ಲ. ಕೇಳಿದರೆ ನೀನು ಏನಾದರೂ ಹೇಳಬೇಕಾಗುತ್ತಿತ್ತು.

ಅವತ್ತು ನನಗೆ ದೇವರ ಭಯ ಹಿಡಿದಿತ್ತು. ಭಯ ಹಿಡಿದವಳಿಗೆ ಕೈ ಎಲ್ಲಿ, ಬಾಯಿ ಎಲ್ಲಿ ತಿಳಿಯುವುದಿಲ್ಲ. ನನ್ನ ಜೀವವೇ ಹಾಗೆ, ನಿನಗೆ ಗೊತ್ತು, ಸಿಲಿಂಡರ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವಳು. ನೀನಾದರೂ ಮೊದಲೇ ಒಂದು ಮಾತು ನನ್ನ ಕಿವಿಗೆ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಹಾಕಿದ್ದೆಯೋ ಏನೋ. ಆ ಗಡಿಬಿಡಿಯಲ್ಲಿ ನನಗೆ ನೆನಪಿಲ್ಲ. ನಾನಂತೂ ಅದನ್ನು ಅವತ್ತು ಬಾಯಿಗೆ ಇಟ್ಟಿರಲಿಲ್ಲ.

ಈಗ ಇನ್ನೊಂದು ವಿಷಯ. ಜೋಳದ ಡಬ್ಬದ ಹಿಂದೆ ನೀನು ತಂದ ಇನ್ನೊಂದು ಪಾಕೀಟು ಇತ್ತು. ಹೊರಗೆ ಹಾಕೋಣವೆಂದು ತೆಗೆದೆ. ಹಿತ್ತಲ ಬಾಗಿಲವರೆಗೂ ಹೋದೆ. ಆ ನಾಯಿಗಳು ನನ್ನನ್ನು ನೋಡಿದ್ದೇ ಬಾಲ ಆಡಿಸಿಕೊಂಡು ಬಂದವು. ಅವತ್ತಿನ ರುಚಿ ಅವಕ್ಕೆ ನೆನಪಿತ್ತು. ನಾಚಿಕೆಯಾಗಿ ವಾಪಸು ಬಂದೆ.

ನೀನು ಬರುವುದರೊಳಗೆ ಕಲಿತಿಟ್ಟುಕೊಳ್ಳೋಣ ಅನ್ನಿಸಿತು. ಬರುತ್ತೀಯೋ ಇಲ್ಲವೋ ಎಂದು ಯೋಚನೆ ಮಾಡುತ್ತಾ ಕೂರುವುದಕ್ಕಿಂತ ಕೈಗೊಂದು ಕೆಲಸ. ಮೊದಲ ಸಲ ಅರ್ಧ ಪಾಕೀಟನ್ನು ಅವರೆಕಾಳಿನ ಹಾಗೆ ಬೆಳಿಗ್ಗೆಯೇ ನೆನೆಹಾಕಿಬಿಟ್ಟೆ. ಅಷ್ಟು ಗಟ್ಟಿ ಇದೆಯಲ್ಲ, ನೆನೆಯದೆ ಬೇಯುವುದು ಹೇಗೆ ಎಂದು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಾಗಿತ್ತು. ನಿಮ್ಮ ಮಾವ ಪಾತ್ರೆ ನೋಡಿ, "ಪೈಪು ಬ್ಲಾಕಾಗೈತೆ, ಪ್ಲಂಬರ್ ಕರೆಸ್ಲಾ?" ಅಂದರು.

ಆಮೇಲೆ ನಾನೇ ಕೂತು ಯೋಚಿಸಿದೆ. ನಾವು ಬೇಸಿಗೆಯಲ್ಲಿ ಮಂಚದ ಮೇಲೆ ಒಣಗಿಸುವ ಗೋಧಿ ಶ್ಯಾವಿಗೆಯನ್ನು ಯಾರಾದರೂ ನೆನೆಹಾಕುತ್ತಾರೆಯೇ? ನೀರು ಕುದಿಸಿ, ಶ್ಯಾವಿಗೆ ಬಿಟ್ಟು, ಬೆಂದ ಮೇಲೆ ಬಸಿಯುತ್ತೇವೆ, ಹಾಲು ಸಕ್ಕರೆ ಹಾಕಿ ತಿನ್ನುತ್ತೇವೆ. ಇದೂ ಬಸಿದ ಶ್ಯಾವಿಗೆಯೇ. ತೂತಿದೆ, ಅಷ್ಟೆ. ಉಳಿದರ್ಧವನ್ನು ಹಾಗೇ ಮಾಡಿದೆ. ನೀರಿಗೆ ಉಪ್ಪು ಹಾಕಿದೆ, ನೀನು ಹಾಕುತ್ತಿದ್ದ ಹಾಗೆ. ಕಡಲೆಕಾಯಿ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಟೊಮೊಟೊ. ಟೊಮೊಟೊ ಕರಗಿ ಎಣ್ಣೆ ಬಿಡುವವರೆಗೂ ಬಿಟ್ಟು ಕದಲಲಿಲ್ಲ. ಕೊನೆಗೆ ಕಾಮಕಸ್ತೂರಿ ಹಾಕಿದೆ. ಅದನ್ನು ಕೀಳುವಾಗ ಯಾರಾದರೂ ನೋಡುತ್ತಾರೇನೋ ಎಂದು ಬೀದಿಯ ಆ ಕಡೆ ಈ ಕಡೆ ನೋಡಿದೆ, ನನ್ನ ಮನೆಯ ಗಿಡಕ್ಕೆ ನಾನೇ ಕಳ್ಳಿಯ ಹಾಗೆ.

ಅಷ್ಟರಲ್ಲಿ ನಿಮ್ಮ ಮಾವ ಬಾಗಿಲಲ್ಲಿ ಬಂದು ನಿಂತರು. "ಅಲ್ಲ ಕಣೆ, ಮೊಟ್ಟೆ ಐತೆ ಅಂತ ಊರಿಗೆ ಕೇಳಂಗೆ ಕೂಗಾಡ್ದೆ. ಈಗ ನೀನೇ ಒಲೆ ಮೇಲೆ ಇಕ್ಕೀಯಲ್ಲ?" ಅಂದರು. "ಇಲ್ಲ ಬಿಡ್ರಿ, ಬರೀ ಗೋದಿ ರವೆ" ಅಂದೆ. "ಯಾರು ಹೇಳಿದ್ರು?" ಅಂದರು. ನಾನು ಬಗ್ಗಿ ಒಲೆ ಊದಿದೆ. ಗ್ಯಾಸಿನ ಒಲೆ. ಅವರು ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಗೆ ಹೋದರು.

ವಿನೋದನ ತಟ್ಟೆಗೆ ಹಾಕಿದೆ. ತಿಂದ. ಆಮೇಲೆ "ಬಸಿದ ನೀರು ಒಂದು ಸೌಟು ಉಳಿಸ್ಕಂಡು ಗೊಜ್ಜಿಗೆ ಹಾಕ್ಬೇಕಿತ್ತು. ಅವ್ಳು ಹಾಕ್ತಾಳೆ" ಅಂದ. ನೀನು ಹೋದ ಮೇಲೆ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಅದು. ನಾನು ಆ ನೀರನ್ನು ಎಮ್ಮೆಯ ಕಲಗಚ್ಚಿಗೆ ಸುರಿದಿದ್ದೆ. ಅದಕ್ಕೇ ಇರಬೇಕು, ನಿನ್ನದರಷ್ಟು ರುಚಿ ಬರಲಿಲ್ಲ. ನಿನ್ನದರಲ್ಲಿ ಗೊಜ್ಜು ಕೊಳವೆಯನ್ನು ಬಿಡದೆ ಹಿಡಿದುಕೊಂಡಿತ್ತು. ನನ್ನದು ತಟ್ಟೆಯ ತಳದಲ್ಲೇ ಉಳಿಯಿತು.

ಬಾ ಎಂದು ಬರೆಯಲು ನನಗೆ ಮುಖವಿಲ್ಲ. ಬರಬೇಡ ಎಂದು ಬರೆದರೆ ಕೈ ಸುಳ್ಳು ಬರೆದ ಹಾಗೆ. ನಿಮ್ಮ ಅಪ್ಪ ಅಮ್ಮನಿಗೆ ಏನು ಹೇಳಿದ್ದೀಯೋ, ಅವರು ನನ್ನನ್ನು ಏನೆಂದುಕೊಂಡಿದ್ದಾರೋ. ಅಂದುಕೊಳ್ಳಲಿ. ನೀನು ಬರದಿದ್ದರೂ ಕಾಗದ ತಲುಪಿತು ಎಂದು ಒಂದು ಫೋನು ಮಾಡು. ಇಲ್ಲದಿದ್ದರೆ ಪೋಸ್ಟಿನಲ್ಲಿ ಎಲ್ಲೋ ಬಿದ್ದು ಯಾರೋ ಓದಿದರು ಎಂದು ದಿನವೂ ಹೆದರುತ್ತಿರುತ್ತೇನೆ.

ನಿನ್ನ ಅತ್ತೆ
ತಿಪ್ಪಮ್ಮ

ಇನ್ನೊಂದು ಮಾತು: ಕಾಗದ ಮಡಿಸಿ ಅಂಟು ಹಚ್ಚುವ ಮುಂಚೆ ಒಂದು ಸಲ ಓದಿಕೊಂಡೆ. ನಿನ್ನದರಷ್ಟು ರುಚಿ ಬರಲಿಲ್ಲ ಎಂದು ಬರೆದಿದ್ದೇನೆ. ಬಾಯಿಗೇ ಇಡದವಳಿಗೆ ಅದು ಹೇಗೆ ಗೊತ್ತಾಯಿತು ಎಂದು ನೀನು ಆಗಲೇ ಹಿಡಿದಿರುತ್ತೀಯ. ಹೊಡೆದು ಹಾಕೋಣವೆಂದು ಪೆನ್ನು ತೆಗೆದೆ. ಇರಲಿ ಎಂದು ಬಿಟ್ಟೆ.

ನನಗೆ ನೆನಪಿದೆ. ಓಬಕ್ಕನ ಮುಂದೆ ತಟ್ಟೆ ಇಡುವ ಮುಂಚೆ ನೀನು ಒಂದು ಬಸಿಯಲ್ಲಿ ಹಾಕಿಕೊಂಡು ಹಿತ್ತಲಿಗೆ ಬಂದು, "ಅತ್ತೆ, ಇದ್ರಲ್ಲಿ ಮೊಟ್ಟೆ ಇಲ್ಲ, ಬರೀ ಗೋದಿ ರವೆ. ಅಂಗಡೀಲಿ ಕೇಳಿ, ಓದಿ ನೋಡಿಯೇ ತಂದೀನಿ. ಮೊದ್ಲು ನೀವು ತಿನ್ರಿ" ಅಂದೆ. ನಾನು ನಂಬಿದೆ, ತಿಂದೆ. ಚೆನ್ನಾಗಿತ್ತು ಎಂದು ಮತ್ತೆ ಹಾಕಿಸಿಕೊಂಡೆ. ಓಬಕ್ಕ ಮೊಟ್ಟೆ ಅಂದ ಕೂಡಲೇ, ಮೀಸಲು ಬೇಯಿಸುವವಳೇ ತಿಂದು ಬಾಯಿ ಮೈಲಿಗೆ ಮಾಡಿಕೊಂಡಳು ಎಂದು ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಅನ್ನಿಸಿತು. ತಿರುಗುವ ಮುಂಚೆ ಅವರನ್ನು ನಿನ್ನ ಕಡೆ ತಿರುಗಿಸಿದೆ. ದೇವರ ಭಯ ಎಂದು ಮೇಲೆ ಬರೆದದ್ದು ಸುಳ್ಳು. ಜನರ ಭಯ.

ಕಾಗದವನ್ನು ಹಾಗೇ ಇಟ್ಟು ಈಗ ಓಬಕ್ಕನಿಗೆ ಫೋನು ಮಾಡಿ ಇದಿಷ್ಟನ್ನೂ ಹೇಳಿದೆ. ನಿಮ್ಮ ಮಾವ ಪಕ್ಕದಲ್ಲೇ ಇದ್ದರು, ಕೇಳಿಸಿಕೊಳ್ಳಲಿ ಎಂದು ಎದ್ದು ಹೋಗಲಿಲ್ಲ. ಓಬಕ್ಕ ನನಗೆ ಪೂರ್ತಿ ಹೇಳಲು ಬಿಟ್ಟಳು. ಆಮೇಲೆ, "ಹಂಗಾರೆ ಆ ಗಂಜಲ ನಿನ್ನ ಕಾಲಿಗೆ ಹಾಕ್ಬೇಕಿತ್ತಲ್ಲೇ ತಿಪ್ಪಮ್ಮ" ಅಂದಳು.

ಹೌದು ಓಬಕ್ಕ ಅಂದೆ.