ಸೈಕಲ್ಲಿಗೆ ಫಿಲಂ

ನಂಜನಗೂಡು
ಗುರುವಾರ

ಪ್ರೇಮ್‌ಕುಮಾರ್ ಅವರಿಗೆ,

ಫೋನಿನಲ್ಲಿ ಕೇಳಿದರೆ ನೀವು ಮಾತು ಬದಲಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೊಸ ಮೌಂಟನ್ ಬೈಕಿಗೆ, ಬಣ್ಣ ಕೆಡದಂತೆ, ಮೈತುಂಬ ಪ್ಲಾಸ್ಟಿಕ್ ಫಿಲಂ ಅಂಟಿಸಬೇಕೆಂದು ನಮ್ಮ ನಿಶ್ಚಿತಾರ್ಥದ ದಿನ ನಿಮ್ಮಮ್ಮ ಹೇಳಿದರು. "ಒಸದಂಗೇ ಇರ್ಲಿ ಕಣವ್ವ. ಮದ್ವೆ ಆದ್ಮೇಲೆ ನೀನೆಲ್ಲಿ ತುಳೀತೀಯ, ಮಾರಾಕ್ಬೌದು." ನೀವು ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದಿರಿ.

ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ. ಫಿಲಂ ಅಂಗಡಿಯ ಬಾಗಿಲವರೆಗೆ ಹೋಗುವುದು, ವಾಪಸ್ ಬರುವುದು, ಇದೇ ಆಗಿತ್ತು. ನಿನ್ನೆ ಅಂಗಡಿಯ ಮಂಟೇಸ್ವಾಮಿ ತಾವೇ ಕರೆದು ಕೇಳಿದರು: "ಓಡ್ಸಕ್ಕಾ, ಮಾರಕ್ಕಾ? ಓಡ್ಸದಾದ್ರೆ ಕಲ್ಲು ಸಿಡಿಯೋ ಕಡೆ ಮಾತ್ರ ಆಕುದ್ರೆ ಸಾಕು ಕಣವ್ವ."

ಓಡಿಸುವುದಕ್ಕೆ ಎಂದೆ. ಹ್ಯಾಂಡಲಿನಿಂದ ಪೆಡಲಿನವರೆಗೆ ಇಳಿಯುವ ಕೆಳಗಿನ ಕೊಳವೆಗೆ ಮಾತ್ರ ಅಂಟಿಸಿಕೊಟ್ಟರು. ಅಲ್ಲಿಂದಲೇ ಕಪಿಲೆಯ ದಂಡೆಯ ಮಣ್ಣುದಾರಿಯಲ್ಲಿ ಒಂದು ಸುತ್ತು ಹೋಗಿಬಂದೆ. ಹ್ಯಾಂಡಲ್ ಹತ್ತಿರ ಆಗಲೇ ಜಾಲಿಮುಳ್ಳಿನ ಗೀರು ಬಿದ್ದಿದೆ.

ಭಾನುವಾರ ನರಸೀಪುರಕ್ಕೆ ಸೈಕಲ್ಲಿನಲ್ಲೇ ಬರುತ್ತೇನೆ. ನಿಮ್ಮ ಜಗುಲಿಯಲ್ಲಿ ಅದಕ್ಕೆ ಜಾಗ ಮಾಡಿಸಿ. ಮದುವೆಯಾದ ಮೇಲೂ ಅದು ಅಲ್ಲೇ ಇರುತ್ತದೆಂದು, ನಾನು ಬರುವ ಮೊದಲು ನಿಮ್ಮಮ್ಮನಿಗೆ ನೀವೇ ಹೇಳಿರಬೇಕು. ಹೇಳಲಾಗದಿದ್ದರೆ ಶನಿವಾರವೇ ನನಗೆ ತಿಳಿಸಿ. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.

ಇಂತಿ,
ಕವನ