ಅಕ್ಕನ ಕಾರಿನಲ್ಲಿ ಒಬ್ಬಳೇ

ಮಾರ್ಚ್ ೧೪, ಶುಕ್ರವಾರ

ಅಕ್ಕನಿಗೆ ಸುಳ್ಳು ಹೇಳಿದ್ದು ಇಡೀ ದಿನ ಮನಸ್ಸನ್ನು ಕೊರೆಯುತ್ತಿತ್ತು. ಮೂರು ದಿನ ಆಫೀಸಿನ ತರಬೇತಿ ಇದೆ, ನಿನ್ನ ಕಾರು ಕೊಡು ಅಂದಿದ್ದೆ. ಮಂಡಿ ಆಪರೇಷನ್ ಆದಮೇಲೆ ಅವಳು ಕಾರು ಮುಟ್ಟಿಲ್ಲ. ಕೆರೆ ದಂಡೆಯಲ್ಲಿ ಟೆಂಟು ಹಾಕಿ ಮಲಗಬೇಕು ಅನ್ನುವುದು ನಮ್ಮಿಬ್ಬರದೂ ಹಳೆಯ ಆಸೆ. ಈಗ ಒಬ್ಬಳೇ ಹೊರಟಿದ್ದೇನೆ ಅಂತ ಯಾವ ಬಾಯಲ್ಲಿ ಹೇಳಲಿ?

ಸಂಜೆ ಊರುಗೋಲು ಹಿಡಿದು ಕೆಳಗೆ ಬಂದಳು, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಲು. ಡಿಕ್ಕಿ ತೆಗೆದರೆ ಟೆಂಟು, ಸ್ಟವ್, ಮಲಗುವ ಚೀಲ.

"ತರಬೇತೀಲಿ ಅಡುಗೇನೂ ಕಲಿಸ್ತಾರಾ?" ಅಂದಳು.

"ಮುಂದಿನ ವರ್ಷ ಇಬ್ಬರೂ ಹೋಗೋಣ ಅಕ್ಕ. ಇದನ್ನ ಬಿಟ್ಟುಬಿಡ್ತೀನಿ."

"ನೀನು ಹೋಗೋದಕ್ಕೆ ಬೇಜಾರಿಲ್ಲ ಕಣೇ. ಕನಿಕರಪಟ್ಟು ಸುಳ್ಳು ಹೇಳಿದೆಯಲ್ಲ, ಅದಕ್ಕೆ." ಸ್ಟೆಪ್ನಿ ಒತ್ತಿ ನೋಡಿ, ಗಾಳಿ ತುಂಬಿಸ್ಕೋ ಅಂದು ಮೇಲೆ ಹೋದಳು.

ಕನಿಕರ ಅಂದುಕೊಂಡಿದ್ದಾಳೆ. ನಿಜ ಅದಲ್ಲ. ಆರು ತಿಂಗಳು ಪ್ರಯಾಣ ಬೇಡ ಅಂತ ಡಾಕ್ಟರು ಹೇಳಿದಾಗ ಅವಳ ಕೈ ಹಿಡಿದುಕೊಂಡೇ ಒಳಗೊಳಗೆ ಹಗುರಾಗಿದ್ದೆ. ಅವಳು ಬಂದಿದ್ದರೆ ಸ್ಟೇರಿಂಗು ನನ್ನ ಕೈಗೆ ಎಲ್ಲಿ ಸಿಗುತ್ತಿತ್ತು? ಇದನ್ನು ಹೇಳಿಯೇ ಹೊರಡಬೇಕು. ಬೆಳಗ್ಗೆ ಐದಕ್ಕೆ ಅವಳು ಎದ್ದಿರುತ್ತಾಳೆ, ಆಗ ಹೇಳುತ್ತೇನೆ.