ಕಟ್ಟಿದ ಗಂಟಲಿಗೆ ಇಳಿಯದ ಕೊಳಲು

ಮಕಾಸರ್, ಭಾನುವಾರ ಮಧ್ಯಾಹ್ನ

ಅಕ್ಕಾ, ನಿನಗೂ ಭಾವನಿಗೂ ಸಲಾಂ.

ಹಡಗಿನಲ್ಲಿ ನಾನು ತಿಂದದ್ದೆಲ್ಲ ಮೀನುಗಳ ಪಾಲಾಯಿತು. ಈಗ ಇಲ್ಲಿಯವರು ಅದೇ ಮೀನುಗಳನ್ನು ಸುಟ್ಟು ನನಗೇ ಬಡಿಸುತ್ತಿದ್ದಾರೆ.

ಸಮುದ್ರದ ಗಾಳಿಗೆ ನಮ್ಮ ಹಾಡುಗಾರ್ತಿ ಲಿಲಿಸ್‌ಳ ಗಂಟಲು ಕಟ್ಟಿ, ದನಿ ಅರ್ಧ ಸ್ವರ ಇಳಿದಿದೆ. ತಂಡದ ಯಜಮಾನರಾದ ಓದಾಂಗ್ ಮಾವ ತಮ್ಮ ಕಚಾಪಿ ವಾದ್ಯದ ಹದಿನೆಂಟು ತಂತಿಗಳನ್ನೂ ಅವಳ ದನಿಗೆ ಸಡಿಲಿಸಿಕೊಂಡರು. ನಾನು ತಗ್ಗು ಸ್ವರದ ಉದ್ದದ ಕೊಳಲನ್ನು ನಿನ್ನ ಅಡುಗೆಮನೆಯ ಅಟ್ಟದಲ್ಲೇ ಮರೆತು, ಗಿಡ್ಡದ್ದನ್ನು ತಂದಿದ್ದೇನೆ.

"ಕೊಳಲಿಗೆ ತಂತಿ ಇಲ್ವಲ್ಲೋ, ನೀನೇನು ಸಡಿಲ ಮಾಡ್ತೀಯ, ಲುಂಗೀನಾ? ಒಗ್ಗದಿದ್ರೆ ಸಂಜೆ ಮದುವೆ ಕಚೇರೀಲಿ ನಿನ್ನ ಜಾಗದಲ್ಲಿ ಪಿಟೀಲಿನವನನ್ನ ಕೂರಿಸ್ತೀನಿ" ಎಂದರು ಮಾವ.

ಬೆಳಿಗ್ಗೆಯಿಂದ ತೂತುಗಳನ್ನು ಅರ್ಧರ್ಧ ಮುಚ್ಚಿ, ಮೆಲ್ಲಗೆ ಊದಿ, ಒಂದೊಂದೇ ಸ್ವರವನ್ನು ಇಳಿಸಿದೆ. ತಳದ ಸ್ವರ ಮಾತ್ರ ಇಳಿಯಲಿಲ್ಲ. ಅಲ್ಲಿ ಮುಚ್ಚುವುದಕ್ಕೆ ಇನ್ನು ತೂತೇ ಇಲ್ಲ. ಅಭ್ಯಾಸದಲ್ಲಿ ಆ ಸ್ವರ ಬಂದಾಗ ಹೆದರಿ ಉಸಿರು ಹಿಡಿದು ಸುಮ್ಮನಾದೆ. ಲಿಲಿಸ್ ಒಬ್ಬಳೇ ಅದನ್ನು ಉದ್ದಕ್ಕೆ ಎಳೆದಳು.

"ಅಲ್ಲಿ ನನಗೆ ಜಾಗ ಬಿಟ್ಯಲ್ಲಣ್ಣ, ಚೆನ್ನಾಗಿತ್ತು. ಸಂಜೆ ಮದುವೇಲೂ ಹಂಗೇ ಬಿಡು" ಎಂದಳು. ಮಾವ ಮತ್ತೆ ತಂತಿಗಳ ಬಿಗಿ ನೋಡತೊಡಗಿದರು.

ಉಪ್ಪುಗಾಳಿಗೆ ತುಟಿ ಒಡೆದಿದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೇನೆ, ಗಾಬರಿಯಾಗಬೇಡ. ಗಾಬರಿಯಾಗುವ ಕೆಲಸ ನಾನೇ ನೋಡಿಕೊಳ್ಳುತ್ತೇನೆ. ಸಂಜೆಯ ಹಾಡುಗಳಲ್ಲಿ ಆ ಸ್ವರ ಎಷ್ಟು ಸಲ ಬರುತ್ತದೆಂದು ಈಗಷ್ಟೇ ಎಣಿಸಿದೆ. ನಲವತ್ತು ಸಲ. ಅಷ್ಟು ಸಲವೂ ಜಾಗ ಬಿಟ್ಟರೆ, ನಾನು ಊಟಕ್ಕೆ ಬಂದು ತಪ್ಪಿ ವೇದಿಕೆ ಹತ್ತಿದವನು ಎಂದುಕೊಳ್ಳುತ್ತಾರೆ.

ವ್ಯಾನು ಬಂತು, ಹೊರಟೆ.

ನಿನ್ನ ತಮ್ಮ
ಎಮಿದ್